ಹೆಣಿಗೆ: ನೂಲು ಮತ್ತು ವಿನ್ಯಾಸಗಳ ಆಯ್ಕೆ (ದೆಹಲಿ ಪ್ರದೇಶ)

ಜನವರಿಯ ರಾತ್ರಿಗಳಲ್ಲಿ ಉಷ್ಣತೆಯು 5 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಇಳಿಯುವ ದೆಹಲಿಯಲ್ಲೂ ಅದರ ಉಪನಗರಗಳಲ್ಲೂ, ಸ್ವೆಟರು, ಮಫ್ಲರು, ಟೋಪಿಗಳನ್ನು ಮನೆಯ ಬಳಕೆಗೂ ಉಡುಗೊರೆಗೂ ಕೈಯಿಂದಲೇ ಹೆಣೆಯುವ ಗೃಹಕಲೆಯ ಪ್ರಥಮಾಂಗವೆಂದರೆ ನೂಲಿನ ಆಯ್ಕೆ. ಲೂಧಿಯಾನದ ಗಿರಣಿಗಳಿಂದ ಬರುವ ನೂಲುಗಳಲ್ಲಿ ಶುದ್ಧ ಉಣ್ಣೆಯು ಶೈತ್ಯನಿವಾರಣೆಯಲ್ಲಿ ಶ್ರೇಷ್ಠವಾದುದಾದರೂ, ಬಿಸಿನೀರಿನಲ್ಲಿ ಉಜ್ಜಿ ಒಗೆದರೆ ಕುಗ್ಗಿ ಗಡುಸಾಗುವುದರಿಂದ, ಪದೇ ಪದೇ ಒಗೆಯಬೇಕಾದ ಶಿಶುವಸ್ತ್ರಗಳಿಗೆ ಮೃದುವಾದ ಅಕ್ರಿಲಿಕ್ ನೂಲೇ ಉಚಿತವೆನಿಸುವುದು. ಸಂಖ್ಯೆ ಏರಿದಂತೆ ಕಡ್ಡಿಯು ತೆಳುವಾಗುವ ಹಳೆಯ ಬ್ರಿಟಿಷ್ ಕ್ರಮವು ಇಲ್ಲಿ ಇನ್ನೂ ರೂಢಿಯಲ್ಲಿದ್ದು, ಮಧ್ಯಮ ದಪ್ಪದ ನೂಲಿಗೆ 4 ಮಿಲಿಮೀಟರಿನ 8ನೆಯ ಸಂಖ್ಯೆಯ ಕಡ್ಡಿಯನ್ನೂ, ಅಂಚಿನ ಪಟ್ಟಿಗೆ 3.25 ಮಿಲಿಮೀಟರಿನ 10ನೆಯದನ್ನೂ ಬಳಸುವರು. ಜಡೆಯ ವಿನ್ಯಾಸವು ಹೆಣಿಗೆಯನ್ನು ಅಡ್ಡಲಾಗಿ ಸೆಳೆಯುವುದರಿಂದ ಅಧಿಕ ನೂಲನ್ನು ಬೇಡುವುದು. ಮೈಯಳತೆ ತಿಳಿಯದ ಬಂಧುಗಳಿಗೆ ಮಫ್ಲರೇ ಯೋಗ್ಯವಾದ ಕಾಣಿಕೆ. ಬಣ್ಣದಲ್ಲಿ ವ್ಯತ್ಯಾಸ ಬಾರದಂತೆ, ಒಂದೇ ಸಲಕ್ಕೆ ಬಣ್ಣ ಹಾಕಿದ ನೂಲನ್ನು ಬೇಕಾದಷ್ಟೂ ಮೊದಲೇ ಕೊಳ್ಳತಕ್ಕದ್ದು.