ಕೆರೆಯ ದುಡ್ಡು ಕೆರೆಗೆ

ಜಾವಗಲ್ ಎಂದರೆ ಹೆಚ್ಚಿನವರಿಗೆ ಒಬ್ಬ ವೇಗದ ಬೌಲರ್‌ನ ಹೆಸರಿನ ಮೊದಲರ್ಧ. ಗುಡಿ ನೋಡುವ ಹುಚ್ಚಿರುವವರಿಗೆ ಹದಿಮೂರನೆಯ ಶತಮಾನದ ಲಕ್ಷ್ಮೀನರಸಿಂಹ ದೇವಾಲಯ, ಅಲ್ಲಿ ಕೆಲಸ ಮಾಡಿದ ಶಿಲ್ಪಿ ಮಲ್ಲಿತಮ್ಮ. ನನಗೆ ಈ ಊರು ಬೇಕಾದದ್ದು ಬೇರೆಯ ಕಾರಣಕ್ಕೆ. ಅರಸೀಕೆರೆ, ಬೇಲೂರು, ಹಳೇಬೀಡುಗಳ ನಡುವಿನ ಈ ಸೀಮೆಯ ಹೆಸರುಗಳನ್ನೇ ನೋಡಿ. ಅರಸೀಕೆರೆ ಎಂದರೆ ಅರಸಿಯ ಕೆರೆ. ಹಳೇಬೀಡಿನ ಹಳೆಯ ಹೆಸರು ದ್ವಾರಸಮುದ್ರ. ಆ ಸಮುದ್ರವೂ ಕೆರೆಯೇ. ಒಂದು ರಾಜ್ಯ ತನ್ನ ರಾಜಧಾನಿಗೆ ಕೋಟೆಯ ಹೆಸರನ್ನಲ್ಲ, ಕೆರೆಯ ಹೆಸರನ್ನು ಇಟ್ಟುಕೊಂಡು ಇನ್ನೂರು ವರ್ಷಕ್ಕೂ ಮಿಕ್ಕಿ ಆಳಿತು. ಬೇಲೂರಿನಿಂದ ಪಡುವಣಕ್ಕೆ ಮಳೆ ಧಾರಾಳ. ಮೂಡಣಕ್ಕೆ, ಹಳೇಬೀಡು ದಾಟಿ ಜಾವಗಲ್ ಕಡೆಗೆ ಬಂದರೆ ಮೋಡಗಳು ತೆಳುವಾಗುತ್ತವೆ. ಅಲ್ಲಿಂದಾಚೆ ಬದುಕು ನಡೆಯುವುದು ಬಿದ್ದ ಮಳೆಯನ್ನು ಹಿಡಿದಿಟ್ಟುಕೊಂಡರೆ ಮಾತ್ರ.

ಈಗ ಈ ಸೀಮೆಯ ಯಾವ ಪಂಚಾಯಿತಿಗೆ ಹೋದರೂ ಕೆರೆ ಅಥವಾ ಕಟ್ಟೆಯ ಪಕ್ಕ ಒಂದು ನಾಮಫಲಕ ಕಾಣುತ್ತದೆ. ಉದ್ಯೋಗ ಖಾತರಿ ಯೋಜನೆಯ ಫಲಕವಾದರೆ ಕಾಮಗಾರಿಯ ಹೆಸರು, ಅಂದಾಜು ಮೊತ್ತ, ಮಾನವ ದಿನಗಳ ಲೆಕ್ಕ. 2022ರಲ್ಲಿ ಶುರುವಾದ ಅಮೃತ ಸರೋವರವಾದರೆ ಧ್ವಜ ಹಾರಿಸಲು ಒಂದು ಕಟ್ಟೆಯೂ ಇರುತ್ತದೆ. ನನ್ನ ಕೆಲಸ ಶಾಸನ ಓದುವುದು. ಹಾಗಾಗಿ ಫಲಕ ಕಂಡರೂ ಶಾಸನದಂತೆಯೇ ಓದುವ ಚಟ ಅಂಟಿಕೊಂಡಿದೆ. ಯಾರು ಕೊಟ್ಟರು, ಎಷ್ಟು ಕೊಟ್ಟರು, ಯಾವತ್ತು ಕೊಟ್ಟರು ಎಂಬುದೆಲ್ಲ ಎರಡರಲ್ಲೂ ಸಿಗುತ್ತದೆ. ಫಲಕದಲ್ಲಿ ಇಲ್ಲದ ಒಂದು ಸಾಲು ಮಾತ್ರ ಕಲ್ಲಿನಲ್ಲಿ ಇರುತ್ತದೆ: ಬರುವ ವರ್ಷ, ಅದರ ಮುಂದಿನ ವರ್ಷ, ಈ ಕೆರೆಯನ್ನು ನೋಡಿಕೊಳ್ಳುವವರು ಯಾರು, ಅವರಿಗೆ ಅನ್ನ ಎಲ್ಲಿಂದ?

ಹಾಸನ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ತನ್ನ ಎಪಿಗ್ರಾಫಿಯಾ ಕರ್ನಾಟಿಕದ ಐದನೆಯ ಸಂಪುಟದಲ್ಲಿ 1902ರಲ್ಲಿ ಪ್ರಕಟಿಸಿದ. ಮೊದಲ ಸಲ ಓದುವ ವಿದ್ಯಾರ್ಥಿಗಳು ಯುದ್ಧ, ಬಿರುದು, ವಂಶಾವಳಿಗಳ ಬೆನ್ನು ಹತ್ತುತ್ತಾರೆ. ನಾನೂ ಹಾಗೇ ಮಾಡಿದ್ದೆ. ಶಾಸನದ ಜೀವ ಇರುವುದು ಕೊನೆಯ ಭಾಗದಲ್ಲಿ, ಗದ್ದೆ ಬೆದ್ದಲುಗಳ ಒಣ ಪಟ್ಟಿಯಲ್ಲಿ. ಹಿರಿಯ ಕೆರೆಯ ಕೆಳಗೆ ಇಷ್ಟು ಸಲಗೆ ಗದ್ದೆ, ತೂಬಿನ ಮುಂದೆ ಇಷ್ಟು ಕೊಳಗ, ಕೋಡಿಯ ಬಡಗಲು ಇಷ್ಟು ಬೆದ್ದಲು. ದೇವರಿಗೆ ಬಿಟ್ಟದ್ದರ ಜೊತೆಜೊತೆಗೆ ಕೆರೆಗೆ ಬಿಟ್ಟದ್ದೂ ಬರುತ್ತದೆ. ಇದಕ್ಕೆ ಕನ್ನಡದಲ್ಲಿ ಹೆಸರುಗಳೇ ಇದ್ದವು. ಕೆರೆ ಕಟ್ಟಿಸಿದವನಿಗೆ ಅದರ ಕೆಳಗೆ ಕೊಡುವ ಭೂಮಿ ಕಟ್ಟುಗೊಡಗೆ, ಕೆರೆಯ ಪಾಲನೆಗೆಂದು ಬಿಡುವ ಭೂಮಿ ಕೆರೆಗೊಡಗೆ, ಇನ್ನೂ ಹಳೆಯ ಗಂಗರ ಕಾಲದಿಂದಲೂ ಕೇಳಿಬರುವ ಮಾತು ಬಿಟ್ಟುವಟ್ಟ. ಆ ಗದ್ದೆಯ ಹುಟ್ಟುವಳಿಯಿಂದ ಬಂಡಿ ನಡೆಯಬೇಕು, ಕೋಣಗಳಿಗೆ ಹುಲ್ಲು ಬೀಳಬೇಕು, ಹೂಳು ಹೊರುವ ಆಳಿಗೆ ಕೂಲಿ ಸಲ್ಲಬೇಕು. ಬಂಡಿಯನ್ನೂ ಅದನ್ನು ಹೊಡೆಯುವ ಆಳನ್ನೂ ಬಿಡದೆ ಲೆಕ್ಕ ಹಾಕಿಟ್ಟ ಶಾಸನಗಳಿವೆ. ದತ್ತಿ ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ಎಂಬ ಶಾಪ ಕೊನೆಗೆ. ಅದು ಆ ಕಾಲದ ದಂಡಸಂಹಿತೆ ಎಂದುಕೊಳ್ಳಬಹುದು.

ಕನ್ನಡ ಓದಿದವರ ಮನಸ್ಸಿನಲ್ಲಿ ಕೆರೆ ಎಂದೊಡನೆ ಏಳುವ ಚಿತ್ರ ‘ಕೆರೆಗೆ ಹಾರ’ದ್ದು: ನೀರು ಬಾರದ ಕೆರೆಗೆ ಬಲಿಯಾದ ಸೊಸೆ. ಆ ಕಥನಗೀತೆಯ ದುಃಖ ದೊಡ್ಡದು, ಅದನ್ನು ಕಿರಿದು ಮಾಡುವುದು ನನ್ನ ಉದ್ದೇಶವಲ್ಲ. ಆದರೆ ಕೆರೆ ಉಳಿಯುವುದು ಒಂದು ದಿನದ ಬಲಿಯಿಂದಲ್ಲ ಎಂಬುದನ್ನು ಆ ಒಣ ಪಟ್ಟಿಗಳು ಬರೆದಿಟ್ಟವರು ಚೆನ್ನಾಗಿ ಬಲ್ಲವರಾಗಿದ್ದರು. ವರ್ಷ ವರ್ಷವೂ ನಾಲ್ಕು ಬಂಡಿ ಹೂಳು, ಏರಿಗೆ ಒಂದಷ್ಟು ಮಣ್ಣು, ತೂಬಿಗೆ ಒಂದು ಕಣ್ಣು. ಇಷ್ಟೇ. ಇಂಥ ಕೆಲಸಕ್ಕೆ ಹಾಡು ಹುಟ್ಟುವುದಿಲ್ಲ.

ಈ ಏರ್ಪಾಟನ್ನು ನಡೆಸುತ್ತಿದ್ದವರು ಯಾರು? ಅಗ್ರಹಾರವಾದರೆ ಮಹಾಜನರು, ಉಳಿದ ಊರುಗಳಲ್ಲಿ ಗಾವುಂಡರು ಮತ್ತು ಪ್ರಜೆಗಳು. ದತ್ತಿ ಅರಸನದ್ದೋ ದಂಡನಾಯಕನದ್ದೋ ಆಗಿರಬಹುದು. ಕಾಯುವ ಹೊಣೆ ಊರಿನದು. ಇದನ್ನೇ ಹಿಡಿದುಕೊಂಡು ಗ್ರಾಮ ಪ್ರಜಾಪ್ರಭುತ್ವದ ಸುವರ್ಣಯುಗ ಕಟ್ಟುವವರಿದ್ದಾರೆ. ನನಗೆ ಆ ಉತ್ಸಾಹ ಇಲ್ಲ. ಒಡೆದ ಕೆರೆಗಳ ವಿಷಯವನ್ನೂ ಶಾಸನಗಳು ಹೇಳುತ್ತವೆ. ಊರು ಸರಿಯಾಗಿ ನೋಡಿಕೊಂಡಿದ್ದರೆ ಮತ್ತೆ ಮತ್ತೆ ಕಟ್ಟಿಸುವ ಪ್ರಮೇಯ ಬರುತ್ತಿರಲಿಲ್ಲ. ಇನ್ನು ಊರು ಎಂದರೆ ಯಾರು? ಹೆಂಗಸರು ಆ ಸಭೆಯಲ್ಲಿ ಇರಲಿಲ್ಲ. ಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಹಳೆ ಮೈಸೂರಿನ ಬಹಳ ಕಡೆ ದಲಿತನಾಗಿದ್ದ. ಇಡೀ ಅಚ್ಚುಕಟ್ಟಿನ ನೀರು ಅವನ ಕೈಯಲ್ಲಿ, ಸಭೆಯಲ್ಲಿ ಕೂರುವ ಜಾಗ ಮಾತ್ರ ಅವನಿಗಿಲ್ಲ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಕಣದಲ್ಲಿ ರಾಶಿ ಪಾಲಾಗುವ ಬಗೆಯನ್ನು ವಿವರವಾಗಿ ಬರೆದಿದ್ದಾನೆ. ಸರ್ಕಾರದ ಪಾಲು, ರೈತನ ಪಾಲುಗಳ ಜೊತೆಗೆ ದೇವರು, ಶಾನುಭೋಗ, ತೋಟಿ ತಳವಾರರಿಗೂ ರಾಶಿಯಿಂದಲೇ ಸಲ್ಲಬೇಕು. ಆ ಸಾಲಿನಲ್ಲಿ ನೀರಗಂಟಿಯೂ ನಿಲ್ಲುತ್ತಾನೆ. ಅನ್ಯಾಯದ ಸಮಾಜದ ಒಳಗೂ ಒಂದು ನಿಯಮ ಗಟ್ಟಿಯಾಗಿತ್ತು: ಕೆರೆಯಿಂದ ಹುಟ್ಟಿದ್ದರಲ್ಲಿ ಒಂದು ಪಾಲು, ಬೇರೆ ಯಾವ ಖಜಾನೆಗೂ ಹೋಗದೆ, ಕೆರೆಗೇ ಮರಳಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ನಿಯಮ ಸಡಿಲವಾಯಿತು. 1831ರಿಂದ ಮೈಸೂರು ಬ್ರಿಟಿಷ್ ಕಮಿಷನರುಗಳ ಆಡಳಿತಕ್ಕೆ ಸೇರಿತು, 1856ರಲ್ಲಿ ಲೋಕೋಪಯೋಗಿ ಇಲಾಖೆ ಬಂತು. ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ಮೈಸೂರಿನ ಕೆರೆ ಸರಪಳಿಗಳನ್ನು ಕಂಡು ಬೆರಗಾಗಿದ್ದ. ಹೊಸ ಕೆರೆಗೆ ಜಾಗ ಹುಡುಕುವುದೇ ಕಷ್ಟ ಎಂಬಷ್ಟು ಕೆರೆಗಳಿವೆ ಎನ್ನುವ ಅರ್ಥದ ಅವನ ಮಾತನ್ನು ಇಂದಿಗೂ ಎಲ್ಲರೂ ಎತ್ತಿ ಹೇಳುತ್ತಾರೆ. ಆದರೆ ಬೆರಗಿನ ಜೊತೆಗೇ ಕೆಲಸ ಎರಡಾಗಿ ಒಡೆಯಿತು. ಕಲ್ಲುಕಟ್ಟಡ, ತೂಬು, ಕೋಡಿಗಳ ದುರಸ್ತಿ ಇಲಾಖೆಯದು. ಮಣ್ಣು ಹಾಕುವ, ಗಿಡಗಂಟಿ ಕೀಳುವ ಬಿಟ್ಟಿ ದುಡಿಮೆ ರೈತರದು. ಕಂದಾಯವೆಲ್ಲ ಖಜಾನೆಗೆ. ಕೆರೆಯ ಆದಾಯ ಒಂದು ಕಡೆ ಹೋಯಿತು, ಕೆರೆಯ ಕರ್ತವ್ಯ ಇನ್ನೊಂದು ಕಡೆ ಉಳಿಯಿತು. ರೈತರು ಮಣ್ಣು ಹಾಕುವುದನ್ನು ಬಿಟ್ಟರು. ಅಧಿಕಾರಿಗಳು ಅದನ್ನು ಸೋಮಾರಿತನ ಎಂದು ಬರೆದರು.

1881ರಲ್ಲಿ ಶುರುವಾದ ಮೈಸೂರು ಪ್ರಜಾಪ್ರತಿನಿಧಿ ಸಭೆಯ ನಡವಳಿಗಳನ್ನು ತಿರುವಿ ಹಾಕಿದರೆ, ದಸರೆಗೆಂದು ಮೈಸೂರಿಗೆ ಬಂದ ತಾಲ್ಲೂಕು ಪ್ರತಿನಿಧಿಗಳು ವರ್ಷವೂ ಎತ್ತುತ್ತಿದ್ದ ದೂರು ಒಂದೇ: ನಮ್ಮ ಕೆರೆ ದುರಸ್ತಿಯಾಗಿಲ್ಲ. ಸರ್ಕಾರ ಕೊಟ್ಟ ಉತ್ತರಗಳಲ್ಲಿ 1911ರ ಕೆರೆ ಪಂಚಾಯಿತಿ ಶಾಸನವೂ ಒಂದು. ಅಚ್ಚುಕಟ್ಟಿನ ರೈತರೇ ಪಂಚಾಯಿತಿ ಮಾಡಿಕೊಂಡು ಕೆರೆ ನೋಡಿಕೊಳ್ಳಲಿ ಎಂಬ ಆಶಯ ಅದರದ್ದು. ಕಾಗದದ ಮೇಲೆ ಇದು ಹಳೆಯ ಗಾವುಂಡರ ಸಭೆಯ ಮರುಹುಟ್ಟು. ಹಳೆಯ ಸಭೆಗೆ ಇದ್ದ ಕೆರೆಗೊಡಗೆ ಮಾತ್ರ ಹೊಸದಕ್ಕೆ ಇರಲಿಲ್ಲ. ಅದು ಬೇರು ಬಿಡಲಿಲ್ಲ ಎಂಬುದರಲ್ಲಿ ಆಶ್ಚರ್ಯವೇನಿದೆ?

ಸ್ವಾತಂತ್ರ್ಯದ ನಂತರದ ಕಥೆಯನ್ನು ಬೇಗ ಹೇಳಬಹುದು. 1961ರ ಕಾಯ್ದೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ರದ್ದು ಮಾಡಿತು. ಅದು ಆಗಲೇಬೇಕಿದ್ದ ಕೆಲಸ; ಯಾರೂ ಹುಟ್ಟಿನಿಂದ ನೀರಗಂಟಿಯೋ ತೋಟಿಯೋ ಆಗಬಾರದು. ಆದರೆ ಹುದ್ದೆಯ ಜೊತೆ ಕೆಲಸವೂ ಮಾಯವಾಯಿತು. ಸಂಬಳ ಕೊಟ್ಟು ಆ ಕೆಲಸಕ್ಕೆ ಗೌರವದಿಂದ ಜನರನ್ನು ನೇಮಿಸಬಹುದು ಎಂದು ಬಹುಪಾಲು ಊರುಗಳಲ್ಲಿ ಯಾರಿಗೂ ತೋಚಲಿಲ್ಲ. 1965ರ ನೀರಾವರಿ ಕಾಯ್ದೆ ನೀರಿನ ಮೇಲಿನ ಹಿಡಿತವನ್ನು ಸರ್ಕಾರದ ಕೈಗೆ ಇನ್ನಷ್ಟು ಬಿಗಿಯಾಗಿ ಕೊಟ್ಟಿತು. ಎಂಬತ್ತರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಕೆರೆಯಂಗಳಕ್ಕೆ ಜಾಲಿ, ದಿಣ್ಣೆಗಳಿಗೆ ನೀಲಗಿರಿ ಬಂತು. ಹಸಿರು ಹೆಚ್ಚಿತು, ಕೆರೆಗೆ ಹರಿಯುವ ನೀರು ಹೆಚ್ಚಲಿಲ್ಲ.

ಇಲ್ಲಿ ಅಬ್ದುಲ್ ನಜೀರ್ ಸಾಬ್ ಅವರನ್ನು ನೆನೆಯದೆ ಮುಂದೆ ಹೋಗಲಾಗದು. ಹೆಗಡೆ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವರು, 1987ರಲ್ಲಿ ಮಂಡಲ ಪಂಚಾಯಿತಿ ಮತ್ತು ಜಿಲ್ಲಾ ಪರಿಷತ್ತುಗಳನ್ನು ನಿಜವಾದ ಅಧಿಕಾರದೊಂದಿಗೆ ನಿಲ್ಲಿಸಿದವರು. ಹಳ್ಳಿ ಹಳ್ಳಿಗೆ ಕೊಳವೆಬಾವಿ ಕೊರೆಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನ ಅವರನ್ನು ನೀರ್ ಸಾಬ್ ಎಂದೇ ಕರೆದರು. ಬಾವಿಯ ಬಳಿ ಜಾತಿ ಕೇಳಿಸಿಕೊಂಡ ಹೆಂಗಸರಿಗೆ ಬೀದಿಯ ಕೈಪಂಪು ಎಂಥ ಬಿಡುಗಡೆಯಾಗಿತ್ತು ಎಂಬುದನ್ನು ಕೆರೆಪ್ರೇಮಿಗಳು ಮರೆಯಬಾರದು. ಆದರೆ ಕುಡಿಯುವ ನೀರಿಗೆ ಬಂದ ಕೊಳವೆಬಾವಿಯ ಹಿಂದೆಯೇ ತೋಟದ ಕೊಳವೆಬಾವಿಗಳು ಬಂದವು. ಪಂಪ್‌ಸೆಟ್ ಇದ್ದವನಿಗೆ ತೂಬು ಯಾವಾಗ ಎತ್ತುತ್ತಾರೆ ಎಂಬ ಚಿಂತೆ ಇಲ್ಲ. ಚಿಂತೆ ಇಲ್ಲದವನು ಕೆರೆಯ ಸಭೆಗೆ ಬರುವುದಿಲ್ಲ. ತನ್ನ ಕೊಳವೆಬಾವಿಗೆ ನೀರು ತುಂಬುವುದೂ ಅದೇ ಕೆರೆಯಿಂದ ಎಂಬುದು ಗೊತ್ತಾಗುವ ಹೊತ್ತಿಗೆ ಕೆರೆ ಬತ್ತಿರುತ್ತದೆ. 2010ರ ದಶಕದ ಸಾಲು ಬರಗಾಲದಲ್ಲಿ ಅರಸೀಕೆರೆ ತಾಲ್ಲೂಕಿನ ತೆಂಗಿನ ತೋಟಗಳು ಸುಳಿ ಒಣಗಿ ನಿಂತದ್ದನ್ನು ಕಂಡವರು ಮರೆಯಲಾರರು. ತೆಂಗು ಒಂದು ವರ್ಷದ ಬೆಳೆಯಲ್ಲ. ಅಜ್ಜ ನೆಟ್ಟದ್ದು ಮೊಮ್ಮಗನ ಕಣ್ಣೆದುರು ಹೋಯಿತು.

ಹಳೇಬೀಡು, ಮಾದಿಹಳ್ಳಿ, ಜಾವಗಲ್ ಹೋಬಳಿಗಳ ರೈತರು ರಣಘಟ್ಟ ಯೋಜನೆಗಾಗಿ ವರ್ಷಗಟ್ಟಲೆ ಹೋರಾಡಿದ್ದು ಈ ಹಿನ್ನೆಲೆಯಲ್ಲೇ. ಯಗಚಿಯ ನೀರನ್ನು ದ್ವಾರಸಮುದ್ರ ಕೆರೆಗೆ ತಿರುಗಿಸಿ ಅಲ್ಲಿಂದ ಮುಂದಿನ ಕೆರೆಗಳನ್ನು ತುಂಬಿಸಬೇಕೆಂಬುದು ಬೇಡಿಕೆ. ನ್ಯಾಯವಾದದ್ದೇ. ಆದರೂ ಹೊರಗಿನಿಂದ ಬಂದ ನೀರನ್ನು ನಿಲ್ಲಿಸಿಕೊಳ್ಳಲು ಒಳಗಿನ ಕೆರೆಗೆ ಹೂಳಿಲ್ಲದ ಹೊಟ್ಟೆ ಬೇಕು. ಆ ಕೆಲಸ ಯಾರದು?

ಕಾಯ್ದೆ ಪುಸ್ತಕ ತೆರೆದರೆ ಗ್ರಾಮ ಪಂಚಾಯಿತಿಯದು ಎನ್ನಿಸುತ್ತದೆ. ಸಂವಿಧಾನದ ಹನ್ನೊಂದನೆಯ ಅನುಸೂಚಿಯ 29 ವಿಷಯಗಳಲ್ಲಿ ಸಣ್ಣ ನೀರಾವರಿ, ಜಲಾನಯನ, ಸಾಮಾಜಿಕ ಅರಣ್ಯ, ಸಮುದಾಯ ಆಸ್ತಿಗಳ ಪಾಲನೆ ಎಲ್ಲವೂ ಇವೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೂ ಇವೆ. ಕೆರೆಯ ಏರಿಯ ಮೇಲೆ ನಿಂತು ನೋಡಿದರೆ ಚಿತ್ರ ಬೇರೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಡಿಮೆಯಿದ್ದರೆ ಕೆರೆ ಜಿಲ್ಲಾ ಪಂಚಾಯಿತಿಯದು, ಹೆಚ್ಚಿದ್ದರೆ ಸಣ್ಣ ನೀರಾವರಿ ಇಲಾಖೆಯದು. ಒತ್ತುವರಿ ತೆರವು ತಹಶೀಲ್ದಾರರ ಕಚೇರಿಯದು. ಮರ ಕಡಿಯಲು ಅರಣ್ಯ ಇಲಾಖೆಯನ್ನು ಕೇಳಬೇಕು. ಊರ ಪಂಚಾಯಿತಿಗೆ ಉಳಿಯುವುದು ಸಣ್ಣ ಕೆರೆಯ ಮೀನಿನ ಹರಾಜು ಮತ್ತು ಜನರ ಬೈಗುಳ. ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಒಂದು ನಿರ್ವಹಣಾ ಸಮಿತಿ ಇರಬೇಕು. ಅದರ ಸದಸ್ಯರಿಗೇ ತಾವು ಸದಸ್ಯರೆಂದು ಗೊತ್ತಿಲ್ಲದ ಊರುಗಳನ್ನು ನಾನು ಕಂಡಿದ್ದೇನೆ.

2002ರಲ್ಲಿ ವಿಶ್ವಬ್ಯಾಂಕಿನ ಸಾಲದಿಂದ ಜಲಸಂವರ್ಧನೆ ಯೋಜನಾ ಸಂಘ ಊರೂರಿನಲ್ಲಿ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿಸಿತು. 1911ರ ಕನಸಿನ ಮೂರನೆಯ ಅವತಾರ ಎನ್ನಬಹುದು. ಯೋಜನೆಯ ಹಣ ಇರುವಷ್ಟು ದಿನ ಸಂಘಗಳಲ್ಲಿ ಸದ್ದಿತ್ತು. ಉದ್ಯೋಗ ಖಾತರಿಯದು ಇನ್ನೊಂದು ಬಗೆ. 2005ರ ಆ ಕಾಯ್ದೆ ಕಾಮಗಾರಿಗಳ ಕನಿಷ್ಠ ಅರ್ಧ ಪಾಲನ್ನು ಗ್ರಾಮ ಪಂಚಾಯಿತಿಗಳ ಮೂಲಕವೇ ನಡೆಸಬೇಕೆಂದಿತು. ಹೂಳು ತೆಗೆದವರಿಗೆ, ಹೆಂಗಸಿಗೂ ಗಂಡಸಿಗೂ, ಒಂದೇ ಕೂಲಿ ಕೊಟ್ಟಿತು. ಹೊಯ್ಸಳರ ಯಾವ ಶಾಸನದಲ್ಲೂ ನನಗೆ ಕಾಣದ ಮಾತು ಇದು. ಬಿಟ್ಟಿಯಾಗಿದ್ದ ಕೆಲಸ ಹಕ್ಕಾಯಿತು. ಆದರೆ ಒಂದು ಕಾಮಗಾರಿ ಮುಗಿದರೆ ಕಡತ ಮುಚ್ಚುತ್ತದೆ. ಕೆರೆಗೆ ಮುಗಿಯುವುದು ಎಂಬುದಿಲ್ಲ.

ಪಂಚಾಯಿತಿಗಳು ಮಾಡಿದ ಹಸಿರು ಕೆಲಸಗಳಲ್ಲಿ ನನಗೆ ಹಳೆಯ ಕೆರೆಗೊಡಗೆಯನ್ನು ನೆನಪಿಸುವುದು, ವಿಚಿತ್ರವೆಂದರೆ, ಕೆರೆಗೆ ಸಂಬಂಧಿಸಿದ್ದಲ್ಲ. ಕಸದ್ದು. ‘ಸ್ವಚ್ಛ ವಾಹಿನಿ’ ಎಂದು ಬರೆದ ಪುಟ್ಟ ವಾಹನ ಈಗ ರಾಜ್ಯದ ಬಹಳಷ್ಟು ಹಳ್ಳಿಗಳ ಬೀದಿಗೆ ಬರುತ್ತದೆ. ಎಷ್ಟೋ ಕಡೆ ಓಡಿಸುವವರು ಚಾಲನೆ ಕಲಿತ ಹೆಂಗಸರು, ಕಸ ಬೇರ್ಪಡಿಸುವವರು ಸ್ತ್ರೀಶಕ್ತಿ, ಸಂಜೀವಿನಿ ಒಕ್ಕೂಟಗಳವರು. ಮನೆ ಮನೆಯಿಂದ ತಿಂಗಳಿಗಿಷ್ಟು ಶುಲ್ಕ, ಒಣ ಕಸ ಮಾರಿದ ಹಣ, ಎರಡೂ ಆ ಕೆಲಸಕ್ಕೇ ಹೋಗಬೇಕೆಂಬುದು ಲೆಕ್ಕ. ಶುಲ್ಕ ಸರಿಯಾಗಿ ಬರುವ ಊರಿನಲ್ಲಿ ವಾಹನ ಓಡುತ್ತದೆ, ಬಾರದ ಊರಿನಲ್ಲಿ ಪಂಚಾಯಿತಿ ಕಚೇರಿಯ ಹಿಂದೆ ನಿಂತಿರುತ್ತದೆ.

ಮೀನಿನ ಹರಾಜಿನ ಹಣವನ್ನು ಹೀಗೇ ಬೇರೆ ಖಾತೆಯಲ್ಲಿಟ್ಟು, ಕೆರೆಗಲ್ಲದೆ ಇನ್ನೊಂದಕ್ಕೆ ಬಳಸಬಾರದೆಂದು ಗ್ರಾಮಸಭೆ ನಿರ್ಣಯ ಮಾಡಬಹುದಲ್ಲ? ತೂಬು, ಕೋಡಿ ನೋಡುವ ಒಬ್ಬರಿಗೆ, ಯಾವ ಜಾತಿಯವರಾದರೂ ಸರಿ, ಹೆಂಗಸಾದರೂ ಸರಿ, ಅದರಿಂದ ತಿಂಗಳ ಸಂಬಳ ಕೊಡಬಹುದಲ್ಲ? ಈ ಪ್ರಶ್ನೆಯನ್ನು ಅದೇ ಸೀಮೆಯ ಒಂದು ಪಂಚಾಯಿತಿಯಲ್ಲಿ ಕೇಳಿದಾಗ ಅಲ್ಲಿನ ಸದಸ್ಯೆಯೊಬ್ಬರು ನಕ್ಕರು. ‘ಹರಾಜು ಆಗ್ಬೇಕಾದ್ರೆ ಮೀನು ಬೇಕು, ಮೀನಿಗೆ ನೀರು ಬೇಕು. ನೀವು ಕಲ್ಲು ಓದೋರು, ಮೊದಲನೇ ವರ್ಷದ ದುಡ್ಡು ಆಗ ಯಾರು ಕೊಡ್ತಿದ್ರು ಅಂತ ಓದಿ ಹೇಳಿ’ ಎಂದರು. ಮೊದಲನೇ ವರ್ಷದ್ದನ್ನು ಕೊಡುತ್ತಿದ್ದವರು ಅರಸರು, ದಂಡನಾಯಕರು, ಹೆಗ್ಗಡೆಗಳು, ಎಷ್ಟೋ ಸಲ ಊರಿನ ಗಾವುಂಡರೇ. ಹಾಗೆಂದೆ. ಅವರು ಮುಂದಿನ ಸಭೆಯ ನೋಟಿಸಿಗೆ ಸಹಿ ಹಾಕುತ್ತ, ವಿಷಯವನ್ನು ಬರೆದುಕೊಡಿ, ಸಭೆಗೆ ಇಡೋಣ ಎಂದರು. ಅರ್ಧ ಹಾಳೆಯಲ್ಲಿ ಬರೆದುಕೊಟ್ಟು ಬಂದಿದ್ದೇನೆ.