ಮೇಣ, ಮಣ್ಣು, ಹೊನ್ನು: ಹಲ್ಲಿನ ಹೊದಿಕೆಯ ಚರಿತ್ರೆಯಲ್ಲಿ ಎರಕದ ಕಸುಬು

ಹಲ್ಲಿನ ಜಾನಪದ ಎಂದೊಡನೆ ನಮ್ಮ ಸಂಗ್ರಹಕಾರರು ಬೇವಿನ ಕಡ್ಡಿ, ಲವಂಗ, ಉದುರಿದ ಹಾಲುಹಲ್ಲನ್ನು ಮಾಡಿನ ಮೇಲೆ ಎಸೆಯುವ ಆಚರಣೆ, ಗಾದೆ ಒಗಟುಗಳ ಕಡೆಗೆ ಹೊರಳುತ್ತಾರೆ. ಇವೆಲ್ಲ ದಾಖಲಾಗಬೇಕಾದವೇ. ಆದರೆ ಹಾಳಾದ ಹಲ್ಲನ್ನು ಕೀಳದೆ, ಅದರ ಮೇಲೊಂದು ಹೊದಿಕೆ ಕೂರಿಸಿ ಉಳಿಸಿಕೊಳ್ಳುವ ವಿದ್ಯೆಯನ್ನು ನಾವು ಸಂಪೂರ್ಣವಾಗಿ ವೈದ್ಯಶಾಸ್ತ್ರದ ಪಾಲಿಗೆ ಬಿಟ್ಟಿದ್ದೇವೆ. ಆ ವಿದ್ಯೆಯ ಚರಿತ್ರೆಯಲ್ಲಿ ವೈದ್ಯನಷ್ಟೇ ಅಕ್ಕಸಾಲಿಗನಿಗೂ ಎರಕದವನಿಗೂ ಪಾಲಿದೆ ಎಂಬುದನ್ನು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಭಾಷೆಯನ್ನೇ ನೋಡಬಹುದು. ‘ದಂತಕಿರೀಟ’ ಎಂಬ ಪಾರಿಭಾಷಿಕ ಪದ ಜನರ ಬಾಯಿಗೆ ಹತ್ತಲಿಲ್ಲ. ಅವರು ‘ಕ್ಯಾಪ್ ಹಾಕಿಸುತ್ತಾರೆ’, ಅದಕ್ಕೂ ಹಿಂದಿನವರು ‘ಹಲ್ಲು ಕಟ್ಟಿಸುತ್ತಿದ್ದರು’. ಮನೆ ಕಟ್ಟಿಸುವಂತೆ, ಉಂಗುರಕ್ಕೆ ಹರಳು ಕಟ್ಟಿಸುವಂತೆ ಇದೂ ಕಸುಬುದಾರನಿಂದ ಮಾಡಿಸಿಕೊಳ್ಳುವ ಕೆಲಸ. ಇನ್ನು ‘ಹುಳುಕು ಹಲ್ಲು’ ಎಂಬ ಮಾತಿನಲ್ಲಿ ಹುಳು ಇಂದಿಗೂ ಜೀವಂತವಾಗಿದೆ. ಸುಶ್ರುತ ಸಂಹಿತೆಯ ‘ಕೃಮಿದಂತ’, ಬ್ಯಾಬಿಲೋನಿಯದ ಮಣ್ಣಿನ ಹಲಗೆಗಳಲ್ಲಿ ದೊರೆತಿರುವ ಹಲ್ಲುಹುಳುವಿನ ಮಂತ್ರ, ನೆಲಗುಳ್ಳದ ಬೀಜದ ಹೊಗೆ ಹಿಡಿಸುವ ಮದ್ದು ಎಲ್ಲವೂ ಈ ಒಂದೇ ನಂಬಿಕೆಯ ಕವಲುಗಳು. ಹುಳುವಿನ ಈ ಕಲ್ಪನೆಯನ್ನು ಪ್ಯಾರಿಸ್ಸಿನ ಪಿಯೆರ್ ಫೋಷಾರ್ 1728ರ ತನ್ನ ಗ್ರಂಥದಲ್ಲಿ ತಳ್ಳಿಹಾಕಿದ.

ಹೊದಿಕೆಯ ಕಥೆ ಇದಕ್ಕಿಂತ ಹಳೆಯದಲ್ಲವೆಂದು ಭಾವಿಸುವಂತಿಲ್ಲ. ಇಟಲಿಯ ಎಟ್ರುಸ್ಕನ್ನರ ಸಮಾಧಿಗಳಲ್ಲಿ, ಕ್ರಿಸ್ತಪೂರ್ವ 7ನೆಯ ಶತಮಾನದಿಂದೀಚಿನ ದವಡೆಗಳಲ್ಲಿ, ಹಲ್ಲುಗಳನ್ನು ಬಿಗಿದ ಚಿನ್ನದ ಪಟ್ಟಿಗಳು ಸಿಕ್ಕಿವೆ. ಅವು ಚಿಕಿತ್ಸೆಯೋ ಅಲಂಕಾರವೋ ಎಂಬ ಚರ್ಚೆ ವಿದ್ವಾಂಸರಲ್ಲಿದೆ. ಚಿನ್ನದ ಹಲ್ಲು ತೋರಿಸಿ ನಗುತ್ತಿದ್ದ ನಮ್ಮ ಹಿರಿಯರನ್ನು ಕಂಡವರಿಗೆ ಈ ಎರಡನ್ನೂ ಬೇರ್ಪಡಿಸಬೇಕೆಂದು ಅನ್ನಿಸಲಾರದು. 1746ರಲ್ಲಿ ಫ್ರಾನ್ಸಿನ ಕ್ಲೋದ್ ಮೂತೋನ್ ಚಿನ್ನದ ತಗಡಿನ ಚಿಪ್ಪನ್ನು ಹಲ್ಲಿಗೆ ತೊಡಿಸುವ ಕ್ರಮವನ್ನು ವಿವರಿಸಿದ. ಮುಂದೆ ಬಹುಕಾಲ ಹೊದಿಕೆಯೆಂದರೆ ಬಡಿದು, ಬಾಗಿಸಿ, ಬೆಸೆದ ತಗಡೇ ಆಗಿತ್ತು. ಅದರ ಅಂಚು ಹಲ್ಲಿನ ಬುಡಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ. ಸಂದಿನಲ್ಲಿ ಆಹಾರ ಸೇರಿ, ಮೇಲೆ ಬಂಗಾರ ಹೊಳೆಯುತ್ತಿದ್ದಂತೆಯೇ ಒಳಗಿನ ಹಲ್ಲು ಕೊಳೆಯುತ್ತಿತ್ತು.

ಈ ತೊಡಕನ್ನು ಬಿಡಿಸಿದ್ದು ಎರಕ. ಅಮೆರಿಕದ ವಿಲಿಯಂ ಟ್ಯಾಗರ್ಟ್ 1907ರಲ್ಲಿ ಮೇಣದ ಅಚ್ಚಿನಿಂದ ಚಿನ್ನದ ತುಂಬಿಕೆಯನ್ನು ಎರಕ ಹೊಯ್ಯುವ ವಿಧಾನವನ್ನು ನ್ಯೂಯಾರ್ಕಿನ ದಂತವೈದ್ಯರ ಮುಂದಿಟ್ಟ. ಬಿ.ಎಫ್. ಫಿಲ್‌ಬ್ರುಕ್ ಎಂಬ ಅಯೋವಾದ ವೈದ್ಯ 1897ರಲ್ಲೇ ಇದನ್ನು ನಿರೂಪಿಸಿದ್ದ. ಆದರೆ ವಿಧಾನ ಬಳಕೆಗೆ ಬಂದದ್ದು ಟ್ಯಾಗರ್ಟನಿಂದಲೇ. ಹಲ್ಲಿನ ಹೊದಿಕೆಗೂ ಅದೇ ಕ್ರಮ ಬಂತು. ಹಲ್ಲನ್ನು ಸುತ್ತಲೂ ಉಜ್ಜಿ ಸಣ್ಣದು ಮಾಡಿ, ಅದರ ಪಡಿಯಚ್ಚು ತೆಗೆದು, ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲಿನ ರೂಪ ಕೊಟ್ಟು, ಮೇಣದ ಸುತ್ತ ಬೆಂಕಿ ತಾಳುವ ಗಾರೆ ಸುರಿದು, ಕಾಯಿಸಿ ಮೇಣವನ್ನು ಕಳೆದು, ಆ ಪೊಳ್ಳಿಗೆ ಕರಗಿದ ಲೋಹ ತುಂಬುವುದು.

ಇದನ್ನು ಓದುವ ಕನ್ನಡಿಗನಿಗೆ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ನೆನಪಾಗದಿರದು. 12ನೆಯ ಶತಮಾನದ ಆ ಕೃತಿಯಲ್ಲಿ ಮೇಣದ ಪ್ರತಿಮೆಗೆ ಮಣ್ಣು ಮೆತ್ತುವ ವಿವರವಿದೆ: ಸುಟ್ಟ ಹೊಟ್ಟು, ನುಣ್ಣಗೆ ಕತ್ತರಿಸಿದ ಹತ್ತಿ, ತುಸು ಉಪ್ಪು ಬೆರೆಸಿದ ಮಣ್ಣು, ಮೊದಲ ಲೇಪ ತೆಳುವಾಗಿ, ನೆರಳಿನಲ್ಲಿ ಒಣಗಿದ ಮೇಲೆ ಮುಂದಿನದು. ಮೇಣವನ್ನು ಮೊದಲೇ ತೂಗಿಟ್ಟುಕೊಂಡು ಅದರ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ ತೆಗೆದುಕೊಳ್ಳಬೇಕೆಂಬ ಲೆಕ್ಕವೂ ಇದೆ. ಟ್ಯಾಗರ್ಟ್ ಇದನ್ನು ಓದಿದ್ದನೆಂದಾಗಲಿ, ದಂತವೈದ್ಯ ನಮ್ಮಲ್ಲೇ ಹುಟ್ಟಿತೆಂದಾಗಲಿ ಹೇಳುವುದು ಹುಂಬತನ. ಕಳೆಮೇಣದ ಎರಕ ಯಾವ ಒಂದು ನಾಡಿನ ಸೊತ್ತೂ ಅಲ್ಲ. ಪ್ರತಿಮೆಯ ಎರಕದವನೂ ಹಲ್ಲಿನ ಎರಕದವನೂ ಒಂದೇ ಕಸುಬಿನ ಎರಡು ಮನೆಯವರು ಎಂಬಷ್ಟನ್ನು ಮಾತ್ರ ಧೈರ್ಯವಾಗಿ ಹೇಳಬಹುದು. ವ್ಯತ್ಯಾಸವಿರುವುದು ನಯದಲ್ಲಿ. ಚಿನ್ನದ ಮಿಶ್ರಲೋಹ ಗಟ್ಟಿಯಾಗುವಾಗ ನೂರಕ್ಕೆ ಸುಮಾರು ಒಂದೂವರೆಯಷ್ಟು ಕುಗ್ಗುತ್ತದೆ. ಉತ್ಸವಮೂರ್ತಿಯಲ್ಲಿ ಅದು ಕಣ್ಣಿಗೆ ಬೀಳದು. ಹಲ್ಲಿನಲ್ಲಿ ಬಿದ್ದೇ ಬೀಳುತ್ತದೆ, ಹೊದಿಕೆ ಕೂರುವುದೇ ಇಲ್ಲ. ಗಾರೆಯನ್ನು ಅಷ್ಟೇ ಹಿಗ್ಗುವಂತೆ ಹದಗೊಳಿಸಿ ಆ ಕುಗ್ಗುವಿಕೆಯನ್ನು ಸರಿದೂಗಿಸುತ್ತಾರೆ.

ಆ ಹದ ಬಲ್ಲವನು ಹಲವು ಕಡೆ ವೈದ್ಯನಲ್ಲ. ಬಾಯಿ ನೋಡುವವನೊಬ್ಬ, ಹಲ್ಲು ಮಾಡುವವನು ಮತ್ತೊಬ್ಬ. 1948ರ ದಂತವೈದ್ಯರ ಅಧಿನಿಯಮ ಈ ಎರಡನೆಯವನನ್ನು ‘ಡೆಂಟಲ್ ಮೆಕ್ಯಾನಿಕ್’ ಎಂದು ಕರೆದು ಪ್ರತ್ಯೇಕ ನೋಂದಣಿಗೆ ಅವಕಾಶ ಕಲ್ಪಿಸಿತು. ಬೆಂಗಳೂರಿನಲ್ಲಿ 1958ರಲ್ಲಿ, ಮಣಿಪಾಲದಲ್ಲಿ 1965ರಲ್ಲಿ ದಂತವೈದ್ಯ ಕಾಲೇಜುಗಳು ಆರಂಭವಾದವು. ವೈದ್ಯರ ಚರಿತ್ರೆಗೆ ದಾಖಲೆಗಳುಂಟು. ಪ್ರಯೋಗಾಲಯದ ಬೆಂಚಿನ ಮುಂದೆ ಕುಳಿತು, ಹಲ್ಲಿನ ಒಡೆಯನ ಮುಖವನ್ನೇ ಕಾಣದೆ ಅವನ ಅಗಿತವನ್ನು ಮೇಣದಲ್ಲಿ ತಿದ್ದಿದವರ ಮಾತುಗಳನ್ನು ಬರೆದಿಟ್ಟುಕೊಳ್ಳುವ ಕೆಲಸ ಜಾನಪದ ವಿದ್ವಾಂಸರದು. ಕುಂಬಾರಿಕೆ, ಕಮ್ಮಾರಿಕೆಗಳ ಪದಕೋಶ ಮಾಡಿದವರು ಇಲ್ಲಿಗೂ ಬರಬೇಕು.

ತಡಮಾಡಲು ಸಮಯವೂ ಇಲ್ಲ. ಚಿನ್ನ ದುಬಾರಿಯಾದ ಮೇಲೆ ನಿಕ್ಕಲ್–ಕ್ರೋಮಿಯಂ ಲೋಹ ಬಂತು, ಅದರ ಮೇಲೆ ಪಿಂಗಾಣಿಯ ಲೇಪ ಬಂತು. ಆಗಲೂ ಒಳಗಿನ ಲೋಹಕ್ಕೆ ಮೇಣವೂ ಎರಕವೂ ಬೇಕಿದ್ದವು. 1985ರಲ್ಲಿ ಜ್ಯೂರಿಕ್‌ನಲ್ಲಿ ಗಣಕಯಂತ್ರದ ನೆರವಿನಿಂದ ಪಿಂಗಾಣಿಯ ತುಂಡನ್ನು ಕಡೆದು ರೋಗಿಯ ಹಲ್ಲಿಗೆ ಕೂರಿಸಲಾಯಿತು. ಇಂದು ನಮ್ಮ ನಗರಗಳಲ್ಲೂ ಜಿರ್ಕೋನಿಯದ ಬಿಲ್ಲೆಯಿಂದ ಯಂತ್ರವೇ ಹಲ್ಲನ್ನು ಕಡೆದು ಕೊಡುತ್ತದೆ. ಅಲ್ಲಿ ಮೇಣವೂ ಇಲ್ಲ, ಮೂಸೆಯೂ ಇಲ್ಲ.