ಯುವಜನ ಸೇವೆಗೆಂದು ವಿದೇಶಕ್ಕೆ: ಹೊರಡುವ ಮೊದಲು ವಿಚಾರಿಸಬೇಕಾದ ಸಂಗತಿಗಳು

ಕರಾವಳಿಯಿಂದ ಹೋಗಿ ತುಮಕೂರಿನ ಉಪ್ಪಾರಹಳ್ಳಿಯಲ್ಲಿ ನೆಲೆಸಿರುವ ಕುಟುಂಬವೊಂದರ ಯುವಕ ನಮ್ಮಲ್ಲಿ ಒಂದು ಪ್ರಶ್ನೆ ಕೇಳಿದ್ದ. ಐಸಿವೈಎಂನಲ್ಲಿ ಕೆಲವು ವರ್ಷ ದುಡಿದವನು. ಈಗ ಹೊರದೇಶದಲ್ಲಿ ಪೂರ್ಣಾವಧಿ ಯುವಜನ ಸೇವೆ ಮಾಡುವ ಆಸೆ. 'ಪ್ರವಾಸಿ ವೀಸಾದಲ್ಲಿ ಹೋಗಿ, ನೋಡಿ, ಅಲ್ಲೇ ಒಂದು ಚರ್ಚಿನಲ್ಲಿ ಸೇರಿಕೊಳ್ಳಬಹುದೇ?' ಎಂಬುದು ಅವನ ಪ್ರಶ್ನೆ. ಮನೆಯಲ್ಲಿ ಆಗಲೇ ಚಿನ್ನ ಅಡವಿಡುವ ಮಾತು ನಡೆದಿತ್ತು. ಇಂಥ ಆಲೋಚನೆ ಇನ್ನೂ ಹಲವರಲ್ಲಿ ಇರುವುದರಿಂದ ಅವನಿಗೆ ಹೇಳಿದ್ದನ್ನೇ ಇಲ್ಲಿ ಕೊಡುತ್ತಿದ್ದೇವೆ.

ನೋಡಿ ಬರಲು ಹೋಗಬಹುದು, ಸೇರಿಕೊಳ್ಳಲು ಆಗದು. ಸಂಬಳವಿಲ್ಲದ ಸೇವೆಯನ್ನೂ ವಲಸೆ ಅಧಿಕಾರಿಗಳು ಕೆಲಸವೆಂದೇ ಎಣಿಸಬಹುದು. ಅಮೆರಿಕದಲ್ಲಿ ಧಾರ್ಮಿಕ ಸೇವೆಗೆ ಆರ್-1 ಎಂಬ ಪ್ರತ್ಯೇಕ ವೀಸಾ ಇದೆ. ಅರ್ಜಿಗೆ ಹಿಂದಿನ ಕನಿಷ್ಠ 2 ವರ್ಷ ಅದೇ ಧರ್ಮಸಭೆಯ ಸದಸ್ಯರಾಗಿರಬೇಕು, ವಾರಕ್ಕೆ ಸರಾಸರಿ 20 ಗಂಟೆಯಾದರೂ ಕೆಲಸವಿರಬೇಕು. ಮೊದಲಿಗೆ 30 ತಿಂಗಳವರೆಗೆ, ಒಟ್ಟು 5 ವರ್ಷದವರೆಗೆ ಇರಬಹುದು. ಬ್ರಿಟನ್ನಿನಲ್ಲಿ ತಾತ್ಕಾಲಿಕ ಧಾರ್ಮಿಕ ಕಾರ್ಯಕರ್ತರ ವೀಸಾ ಗರಿಷ್ಠ 24 ತಿಂಗಳದ್ದು. ಎರಡೂ ಕಡೆ ಮೊದಲ ಹೆಜ್ಜೆ ಇಡಬೇಕಾದವರು ಕರೆಸಿಕೊಳ್ಳುವ ಚರ್ಚಿನವರೇ ಹೊರತು ಹೋಗುವವರಲ್ಲ. ಆದ್ದರಿಂದ ಏಜೆಂಟರ ಕಚೇರಿಗೆ ಹೋಗುವ ಮೊದಲು ಕೇಳಿಕೊಳ್ಳಬೇಕಾದದ್ದು: ನಮ್ಮನ್ನು ಕರೆಯುವವರು ಯಾರು?

ಇಲ್ಲಿ ಒಂದು ಮಾತನ್ನು ಬಿಚ್ಚಿ ಹೇಳಬೇಕು. ಗುರುಗಳಿಗೆ ಈ ದಾರಿ ಸಲೀಸು. ಧರ್ಮಾಧ್ಯಕ್ಷರ ಅನುಮತಿ ಪಡೆದು ಗುರುಗಳ ಕೊರತೆಯಿರುವ ಕಡೆಗೆ ಹೋಗಲು ಧರ್ಮಸಭೆಯ ಕಾನೂನಿನಲ್ಲೇ (271ನೇ ವಿಧಿ) ಅವಕಾಶವಿದೆ. ಶ್ರೀಸಾಮಾನ್ಯರನ್ನು ಯುವಜನ ಸೇವೆಗೆಂದೇ ಇಷ್ಟು ದೂರದಿಂದ ಕರೆಸುವ ಧರ್ಮಕೇಂದ್ರಗಳು ಬಹಳ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿನ ಹುಡುಗರ ಭಾಷೆ, ಶಾಲೆ, ತಮಾಷೆ ಬಲ್ಲವರನ್ನೇ ಅವರು ಹುಡುಕುವುದು ಸಹಜ.

ಗಲ್ಫಿನ ಸಂಗತಿ ಬೇರೆ. ಯುಎಇ, ಒಮಾನ್, ಯೆಮೆನ್ ದಕ್ಷಿಣ ಅರೇಬಿಯಾ ವಿಕಾರಿಯತ್ತಿಗೆ ಸೇರಿವೆ. ಕುವೈಟ್, ಬಹರೈನ್, ಕತಾರ್, ಸೌದಿ ಉತ್ತರ ಅರೇಬಿಯಾಕ್ಕೆ. 2011ರಿಂದ ಈ ವಿಂಗಡಣೆ ಇದೆ. ದೋಹಾದ ಚರ್ಚು 2008ರಲ್ಲಿ ತೆರೆಯಿತು, ಬಹರೈನಿನ ಅವಾಲಿಯ ಕಥೀಡ್ರಲ್ 2021ರ ಡಿಸೆಂಬರಿನಲ್ಲಿ ಪವಿತ್ರೀಕರಣಗೊಂಡಿತು. ಸೌದಿಯಲ್ಲಿ ಚರ್ಚೇ ಇಲ್ಲ. ಈ ದೇಶಗಳಲ್ಲಿ ಯುವಜನ ಸೇವೆ ನಡೆಸುವವರಲ್ಲಿ ಹೆಚ್ಚಿನವರು ಬೇರೆ ನೌಕರಿಯಲ್ಲಿರುವ ನಮ್ಮಂಥವರೇ. ಹಗಲು ಆಫೀಸು, ಸಂಜೆ ಧರ್ಮೋಪದೇಶ, ರಜಾದಿನ ಯುವಕೂಟ. ಚರ್ಚಿನ ಆವರಣದೊಳಗೆ ಕೆಲಸಕ್ಕೆ ಅಡ್ಡಿಯಿಲ್ಲ, ಆದರೆ ಹೊರಗೆ ಮತಪ್ರಚಾರ ಅಪರಾಧ. ಕರಪತ್ರ ಹಂಚುವ ಉತ್ಸಾಹವನ್ನು ಊರಲ್ಲೇ ಬಿಟ್ಟು ಹೋಗಬೇಕು! ಇನ್ನೊಂದು, ಅಲ್ಲಿ ಬೆಳೆದ ಮಕ್ಕಳಲ್ಲಿ ಬಹಳ ಮಂದಿ 12ನೇ ತರಗತಿ ಮುಗಿಯುತ್ತಲೇ ಕಾಲೇಜಿಗೆಂದು ಬೇರೆ ದೇಶಕ್ಕೆ ಹೋಗುತ್ತಾರೆ. ಕೂಟ ಕಟ್ಟಿದಷ್ಟೂ ಕರಗುತ್ತದೆ. ಅದನ್ನು ತಾಳಿಕೊಳ್ಳುವವರು ಬೇಕು.

ಹಣದ ವಿಷಯದಲ್ಲಿ ಎಚ್ಚರ. ನಿಜವಾಗಿ ಕರೆಯುವ ಧರ್ಮಪ್ರಾಂತ್ಯ 'ನೋಂದಣಿ ಶುಲ್ಕ' ಕೇಳುವುದಿಲ್ಲ. ಆಹ್ವಾನ ಪತ್ರ ಬಂದರೆ ಅದರಲ್ಲಿರುವ ನಂಬರಿಗೆ ಫೋನ್ ಮಾಡಬೇಡಿ. ಅಲ್ಲಿನ ಧರ್ಮಾಧ್ಯಕ್ಷರ ಕಚೇರಿಯ ವಿಳಾಸವನ್ನು ಬೇರೆಯಾಗಿ ಹುಡುಕಿ, ನಿಮ್ಮ ವಿಗಾರರ ಮೂಲಕ ಪತ್ರ ಬರೆಸಿ. ನೌಕರಿಯ ದಾರಿಯಲ್ಲಿ ಹೋಗುವವರು ಏಜೆಂಟರ ಹೆಸರು ಸರ್ಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿದೆಯೇ ಎಂದು ನೋಡಲಿ. ನೋಂದಾಯಿತ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ಲಕ್ಷಗಟ್ಟಲೆ ಕೇಳಿದರೆ ಅಲ್ಲಿಗೇ ಮಾತು ನಿಲ್ಲಿಸಿ.

ಕಾಗದಪತ್ರಗಳಲ್ಲಿ ನಮ್ಮವರು ಎಡವುವ ಒಂದು ಜಾಗವಿದೆ. ಜ್ಞಾನಸ್ನಾನದ ಪತ್ರ ಸಿಗುವುದು ಜ್ಞಾನಸ್ನಾನ ಪಡೆದ ಧರ್ಮಕೇಂದ್ರದಲ್ಲಿ, ನಡತೆಯ ಬಗ್ಗೆ ಪತ್ರ ಕೊಡಬೇಕಾದವರು ಈಗ ವಾಸವಿರುವ ಕಡೆಯ ವಿಗಾರರು. ತುಮಕೂರು ಬೆಂಗಳೂರು ಮಹಾಧರ್ಮಪ್ರಾಂತ್ಯಕ್ಕೆ ಸೇರಿದ್ದು. ಉಪ್ಪಾರಹಳ್ಳಿಯಲ್ಲಿದ್ದುಕೊಂಡು ಊರಿನ ವಿಗಾರರ ಪರಿಚಯದ ಮೇಲೆ ಪತ್ರ ತಂದರೆ ನಡೆಯದು. ಪೊಲೀಸ್ ಕ್ಲಿಯರೆನ್ಸ್ ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಸಿಗುತ್ತದೆ. ಮಕ್ಕಳ ನಡುವೆ ಕೆಲಸ ಮಾಡುವವರ ಪೂರ್ವಾಪರವನ್ನು ಇಂದು ಎಲ್ಲೆಡೆ ಕಟ್ಟುನಿಟ್ಟಾಗಿ ವಿಚಾರಿಸುತ್ತಾರೆ. ಆಸ್ಟ್ರೇಲಿಯಾ, ಬ್ರಿಟನ್ನುಗಳಲ್ಲಿ ಇದಕ್ಕೆ ಕಾನೂನೇ ಇದೆ. ಇದನ್ನು ಅವಮಾನವೆಂದು ತಿಳಿಯಬಾರದು.

ಮೊದಲು ನೋಡಿ, ಭಾಷೆ ಕಲಿತು ಹೋಗುವುದು ನಮ್ಮ ಕರಾವಳಿಗೆ ಹೊಸದಲ್ಲ. ಮುಡಿಪುವಿನ ಜನರು ಇಂದಿಗೂ ನೆನೆಯುವ ಸಂತ ಜೋಸೆಫ್ ವಾಸ್ 1681ರಿಂದ 1684ರವರೆಗೆ ಕೆನರಾದಲ್ಲಿ ಸೇವೆ ಮಾಡಿದರು. ಮನಸ್ಸು ಗುರುಗಳಿಲ್ಲದ ಸಿಲೋನಿನ ಮೇಲಿತ್ತು. ತಮಿಳು ಕಲಿತು, ಬಡವನ ವೇಷದಲ್ಲಿ 1687ರಲ್ಲಿ ಯಾಳ್ಪಾಣಕ್ಕೆ ತಲುಪಿದರು. ಬಂದ ಕೂಡಲೇ ಗುರುವೆಂದು ಹೇಳಿಕೊಳ್ಳಲಿಲ್ಲ. ಕೊರಳಲ್ಲಿ ಜಪಮಾಲೆ ಹಾಕಿಕೊಂಡು ತಿರುಗುತ್ತಾ, ಅದನ್ನು ಗುರುತಿಸುವವರು ಯಾರೆಂದು ನೋಡಿದರು. ತುಮಕೂರಿಗೆ ಸಮೀಪದ ಗುಬ್ಬಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಅಲ್ಲಿ ನೆಲೆ ಮಾಡಿದ್ದರು. 1839ರಲ್ಲಿ ಅವರ ಜೊತೆ ಸೇರಲು ಹೊರಟ ಐರ್ಲೆಂಡಿನ ವಿಲಿಯಂ ಆರ್ಥರ್‌ಗೆ ಆಗ ಸುಮಾರು 20 ವಯಸ್ಸು. ಆರೋಗ್ಯ ಕೆಟ್ಟು 1841ರಲ್ಲೇ ಮರಳಿದರು. ಉತ್ಸಾಹಕ್ಕೆ ಕೊರತೆಯಿರಲಿಲ್ಲ, ದೇಹ ಒಪ್ಪಲಿಲ್ಲ.

ನೋಡಿ ಬರಲು ಹೋಗುವುದಾದರೆ ಎರಡು ವಾರ ಸಾಕು. ಭಾನುವಾರದ ಪೂಜೆಗಿಂತ ವಾರದ ನಡುವಿನ ಸಂಜೆಗಳಲ್ಲಿ ಯುವಜನರು ಎಷ್ಟು ಮಂದಿ ಬರುತ್ತಾರೆ, ಯಾವ ಭಾಷೆಯಲ್ಲಿ ಜಗಳವಾಡುತ್ತಾರೆ, ಮನೆಬಾಡಿಗೆ ಎಷ್ಟು, ಕಾಯಿಲೆಯಾದರೆ ಖರ್ಚು ಯಾರದು, ಒಪ್ಪಂದ ಮುಗಿದ ಮೇಲೆ ಮರಳುವ ಟಿಕೆಟ್ ಯಾರು ಕೊಡುತ್ತಾರೆ ಎಂದು ಕೇಳಿಕೊಂಡು ಬನ್ನಿ. ಈ ಕೊನೆಯ ಎರಡಕ್ಕೆ ಬರಹದಲ್ಲೇ ಉತ್ತರ ಪಡೆಯಿರಿ.

ಆ ಯುವಕ ಈಗ ತನ್ನ ವಿಗಾರರ ಮೂಲಕ ಒಂದು ಧರ್ಮಪ್ರಾಂತ್ಯಕ್ಕೆ ಪತ್ರ ಬರೆಸಿದ್ದಾನೆ. ಉತ್ತರ ಬರುವವರೆಗೆ ಚಿನ್ನ ಅಡವಿಡುವುದು ಬೇಡವೆಂದು ಮನೆಯವರೂ ಒಪ್ಪಿದ್ದಾರೆ.